ಹಳೆ ಅಡುಗೆಮನೆ ಕಪಾಟಿಗೆ ಕಡಿಮೆ ಖರ್ಚಲ್ಲಿ ಬಣ್ಣ ಹೊಡೆದರೆ ನಿಲ್ಲುತ್ತಾ?

ತೀರ್ಥಹಳ್ಳಿ ಕಡೆಯ ಮನೆ, ಮರದ ಕಪಾಟು ಹಳೆಯದಾಗಿದೆ, ಹೊಸದು ಮಾಡಿಸೋಕೆ ದುಡ್ಡಿಲ್ಲ ಎಂದಿದ್ದೀರಿ. ಬಣ್ಣ ಖಂಡಿತ ನಿಲ್ಲುತ್ತದೆ. ಆದರೆ ಮಳೆಗಾಲದಲ್ಲಿ ಕೈ ಹಾಕಬೇಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಥಂಡಿ ಕುಡಿದು ಉಬ್ಬಿರುತ್ತದೆ. ಆಗ ಹೊಡೆದ ಬಣ್ಣ ಗುಳ್ಳೆ ಏಳುತ್ತದೆ. ಜನವರಿ, ಫೆಬ್ರವರಿ ಒಳ್ಳೆಯದು.

ಅರ್ಧ ಕೆಲಸ ಜಿಡ್ಡು ತೆಗೆಯುವುದೇ. ಒಲೆ ಪಕ್ಕದ ಬಾಗಿಲಿನ ಹಿಡಿ ಸುತ್ತ ಉಗುರಿನಲ್ಲಿ ಕೆರೆದು ನೋಡಿ, ಹಳದಿ ಅಂಟು ಬರುತ್ತೆ ಅಲ್ವಾ? ಅದು ಇದ್ದರೆ ಎಂಥ ದುಬಾರಿ ಬಣ್ಣವೂ ಕಚ್ಚಲ್ಲ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತಿಕ್ಕಿ. ಆಮೇಲೆ ಬರೀ ನೀರಲ್ಲಿ ಒರೆಸಿ, ಎರಡು ದಿನ ಒಣಗಲು ಬಿಡಿ.

ನಂತರ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜಿ, ಮೊದಲು ಒರಟಾದ 120 ನಂಬರ್, ಆಮೇಲೆ ನಯವಾದ 220 ನಂಬರ್. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ವಿಷ. ಅದಕ್ಕೇ ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರ ಇಡಿ. ಮರ ಪೂರ್ತಿ ಒಣಗಿದ ಮೇಲೆ ವುಡ್ ಪ್ರೈಮರ್ (ಬಣ್ಣ ಕಚ್ಚಲು ಮೊದಲು ಹಚ್ಚುವ ಪದರ) ಒಂದು ಕೋಟ್, ಅದರ ಮೇಲೆ ಎನಾಮೆಲ್ ಬಣ್ಣ ತೆಳುವಾಗಿ ಎರಡು ಕೋಟ್. ಪ್ರತಿ ಕೋಟ್ ನಡುವೆ ಒಂದು ದಿನ ಬಿಡಿ.

ದುಡ್ಡು ಉಳಿಸಬೇಕು ಅಂದರೆ ಕಪಾಟಿನ ಒಳಭಾಗ ಬಿಟ್ಟುಬಿಡಿ, ಬಾಗಿಲು ಮತ್ತು ಚೌಕಟ್ಟಿಗೆ ಮಾತ್ರ ಹೊಡೆಯಿರಿ. ಪ್ರೈಮರ್ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ.