ಪಾಲಿಸಿ ಮಾಡಿಸುವ ಮುಂಚೆ ಏನು ನೋಡಬೇಕು?

ಮಗು ಚಿಕ್ಕದು, ಮನೆ ಸಾಲ ಇದೆ, ಪರಿಚಯದ ಏಜೆಂಟ್ ಒಬ್ಬರು ಮಗುವಿನ ಹೆಸರಲ್ಲಿ ಪಾಲಿಸಿ ಮಾಡಿಸಿ ಅಂತ ದಿನಾ ಕೇಳುತ್ತಿದ್ದಾರೆ, ಸಹಿ ಹಾಕುವ ಮುಂಚೆ ಏನೇನು ನೋಡಬೇಕು ಅಂತ ಕೇಳಿದ್ದೀರಿ. ನಾನು ವಿಮೆ ಮಾರುವವನಲ್ಲ. ಅಪ್ಪನ ಒಂದು ಕ್ಲೇಮ್‌ಗಾಗಿ ಏಳು ತಿಂಗಳು ಅಲೆದವನು. ಆಗ ತಿಳಿದದ್ದನ್ನು ಹೇಳುತ್ತೇನೆ.

ಅಪ್ಪನಿಗೆ ಬಿಪಿ ಇತ್ತು, ಹತ್ತು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಆರೋಗ್ಯ ವಿಮೆಯ ಫಾರ್ಮ್ ತುಂಬಿದ್ದು ಏಜೆಂಟ್. "ಬಿಪಿ ಯಾರಿಗಿಲ್ಲ ಹೇಳಿ? ಅದನ್ನೆಲ್ಲ ಬರೆದರೆ ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದರು. ಕಾಯಿಲೆಗಳ ಪಟ್ಟಿಯ ಮುಂದೆ ಉದ್ದಕ್ಕೂ ‘ಇಲ್ಲ’ ಅಂತ ಗುರುತು ಹಾಕಿದರು. ಅಪ್ಪ ಓದದೆ ಸಹಿ ಮಾಡಿದರು. ಎರಡನೇ ವರ್ಷ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಅಲ್ಲಿ ಡಾಕ್ಟರ್ ಕೇಳಿದಾಗ ಇದ್ದದ್ದನ್ನು ಹೇಳಿದರು, ಡಾಕ್ಟರ್ ಹಾಗೇ ಬರೆದುಕೊಂಡರು. ವಿಮಾ ಕಂಪನಿ ಎರಡು ಕಾಗದಗಳನ್ನೂ ಪಕ್ಕದಲ್ಲಿ ಇಟ್ಟು ನೋಡಿತು. ಕ್ಲೇಮ್ ತಿರಸ್ಕಾರ ಆಯಿತು. ಕಟ್ಟಿದ ಕಂತೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಏಜೆಂಟ್‌ಗೆ ಫೋನ್ ಮಾಡಿದರೆ, "ಸಹಿ ನಿಮ್ಮ ತಂದೆಯವರದ್ದೇ ಅಲ್ವಾ?" ಅಂದರು.

ಅಪ್ಪ ಚೇತರಿಸಿಕೊಂಡರು. ಆಸ್ಪತ್ರೆಯ ಬಿಲ್ ಕಟ್ಟಲು ಮಾಡಿದ ಸಾಲ ತೀರಲು ಮಾತ್ರ ನಾಲ್ಕು ವರ್ಷ ಹಿಡಿಯಿತು. ಹಾಗಾಗಿ ನನ್ನ ಮೊದಲ ಮಾತು ಇಷ್ಟೇ: ಫಾರ್ಮ್ ನೀವೇ ತುಂಬಿ. ಇರುವ ಕಾಯಿಲೆ, ಆದ ಆಪರೇಷನ್, ಸಿಗರೇಟು, ಕುಡಿತ, ಮನೆಯವರಿಗೆ ಇರುವ ಕಾಯಿಲೆ, ಮೊದಲೇ ಇರುವ ಬೇರೆ ಪಾಲಿಸಿ, ಕೇಳಿದ್ದಕ್ಕೆಲ್ಲ ನಿಜ ಬರೆಯಿರಿ. ಪ್ರೀಮಿಯಂ ಸ್ವಲ್ಪ ಏರಬಹುದು, ಅರ್ಜಿ ವಾಪಸ್ಸೂ ಬರಬಹುದು. ಈಗಲೇ ‘ಆಗುವುದಿಲ್ಲ’ ಅಂದರೆ ಬೇರೆ ದಾರಿ ಹುಡುಕಲು ಸಮಯ ಇರುತ್ತದೆ. ಆಸ್ಪತ್ರೆಯ ಬಿಲ್ ಕೈಯಲ್ಲಿ ಹಿಡಿದು ನಿಂತಾಗ ಆ ಸಮಯ ಇರುವುದಿಲ್ಲ.

ಮುಚ್ಚಿಡಬಾರದು ಎಂಬ ಈ ನಿಯಮ ಬಹಳ ಹಳೆಯದು. ಈಗಿನ ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿದ್ದ ಒಂದು ಬ್ರಿಟಿಷ್ ಕೋಟೆಯ ಗವರ್ನರ್ ಆಗಿದ್ದ ಕಾರ್ಟರ್, ಕೋಟೆ ಶತ್ರುಗಳ ಪಾಲಾದರೆ ಹಣ ಸಿಗಲಿ ಅಂತ ವಿಮೆ ಮಾಡಿಸಿದ್ದರು. ಫ್ರೆಂಚರು ಕೋಟೆ ಹಿಡಿದರು. ಕೋಟೆಯ ದುರ್ಬಲ ಸ್ಥಿತಿ ನನಗೆ ತಿಳಿಸಲಿಲ್ಲ ಅಂತ ವಿಮೆ ಕೊಟ್ಟಿದ್ದ ಬೋಮ್ ತಕರಾರು ತೆಗೆದರು. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಈ ಮೊಕದ್ದಮೆಯಲ್ಲಿ ಹೇಳಿದ್ದು: ಅಪಾಯ ಎಷ್ಟು ಅನ್ನುವುದು ಹೆಚ್ಚಾಗಿ ವಿಮೆ ಮಾಡಿಸುವವನಿಗೇ ಗೊತ್ತು, ಕೊಡುವವನು ಅವನ ಮಾತನ್ನು ನಂಬಿ ಕೊಡುತ್ತಾನೆ, ಹಾಗಾಗಿ ಮುಚ್ಚಿಡುವುದು ಮೋಸ. ಆದರೆ ಗೆದ್ದದ್ದು ಕಾರ್ಟರ್! ವಿಮೆ ಕೊಡುವವನಿಗೆ ತಾನಾಗಿ ತಿಳಿಯಬಹುದಾಗಿದ್ದ ವಿಷಯವನ್ನು ಹೇಳಲಿಲ್ಲ ಅಂತ ಆಮೇಲೆ ದೂರುವ ಹಾಗಿಲ್ಲ, ಪ್ರಾಮಾಣಿಕತೆ ಇಬ್ಬರಿಗೂ ಸೇರಿದ್ದು ಅಂದರು ಮ್ಯಾನ್ಸ್‌ಫೀಲ್ಡ್. ಇದನ್ನು ನೆನಪಿಡಿ. ನೀವು ನಿಜ ಬರೆದು, ಅದರ ಪ್ರತಿ ಇಟ್ಟುಕೊಂಡಿದ್ದರೆ ಬಲ ನಿಮ್ಮ ಕಡೆಗಿರುತ್ತದೆ.

ಇನ್ನು ಮಗುವಿನ ಹೆಸರಿನ ಪಾಲಿಸಿ. ಇದರಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ಯಾರ ಜೀವಕ್ಕೆ ವಿಮೆ? ಮಗುವಿನ ಸಂಪಾದನೆಯಿಂದ ಮನೆ ನಡೆಯುತ್ತಿಲ್ಲ, ನಿಮ್ಮ ಸಂಪಾದನೆಯಿಂದ ನಡೆಯುತ್ತಿದೆ. ನಿಮಗೆ ಏನಾದರೂ ಆದರೆ ಮಗುವಿನ ಓದು ನಿಲ್ಲುತ್ತದೆ. ಹಾಗಾಗಿ ಮೊದಲು ವಿಮೆ ಬೇಕಿರುವುದು ದುಡಿಯುವವರಿಗೆ. ಸಾಲ ಎಷ್ಟು ಉಳಿದಿದೆ, ಮಗು ತನ್ನ ಕಾಲ ಮೇಲೆ ನಿಲ್ಲಲು ಎಷ್ಟು ವರ್ಷ ಬೇಕು, ಅಲ್ಲಿಯವರೆಗೆ ಮನೆಗೆ ವರ್ಷಕ್ಕೆ ಎಷ್ಟು ಬೇಕು ಅಂತ ನೋಡಿ. ವರ್ಷದ ಖರ್ಚನ್ನು ಆ ವರ್ಷಗಳಿಂದ ಗುಣಿಸಿ, ಅದಕ್ಕೆ ಸಾಲ ಕೂಡಿಸಿ. ಈಗಿರುವ ಉಳಿತಾಯ ಕಳೆಯಿರಿ. ಉಳಿದದ್ದು ನಿಮಗೆ ಬೇಕಾದ ವಿಮಾ ಮೊತ್ತ. ಬೆಲೆಗಳು ಏರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ವರ್ಷಕ್ಕೆ 6% ಏರಿದರೆ, 20 ವರ್ಷದ ನಂತರದ 100ಕ್ಕೆ ಇವತ್ತಿನ ಸುಮಾರು 31ರ ಬೆಲೆ ಅಷ್ಟೇ.

ಅಷ್ಟು ದೊಡ್ಡ ಮೊತ್ತ ಕೈಗೆಟುಕುವುದು ಸಾಮಾನ್ಯವಾಗಿ ಟರ್ಮ್ ಪಾಲಿಸಿಯಲ್ಲಿ, ಅಂದರೆ ಗೊತ್ತುಮಾಡಿದ ಅವಧಿಯೊಳಗೆ ತೀರಿಕೊಂಡರೆ ಮಾತ್ರ ಮನೆಯವರಿಗೆ ಹಣ ಸಿಗುವ ಪಾಲಿಸಿಯಲ್ಲಿ. ಅವಧಿ ಮುಗಿಯುವವರೆಗೆ ಬದುಕಿದ್ದರೆ ಅದರಲ್ಲಿ ಏನೂ ವಾಪಸ್ ಬರುವುದಿಲ್ಲ. "ಹಾಗಾದರೆ ದುಡ್ಡು ದಂಡ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ, ಅಷ್ಟು ವರ್ಷ ಮನೆಯವರಿಗೆ ರಕ್ಷಣೆ ಇತ್ತು, ಅದಕ್ಕೆ ಕೊಟ್ಟ ಬೆಲೆ ಅದು. ಹಣ ವಾಪಸ್ ಬರುವ ಪಾಲಿಸಿ ತೋರಿಸಿದರೆ ಲೆಕ್ಕ ಹಾಕಿ ನೋಡಿ. ಪ್ರತಿ ವರ್ಷದ ಆರಂಭದಲ್ಲಿ 10 ಸಾವಿರದಂತೆ 20 ವರ್ಷ ಕಟ್ಟಿದರೆ 2 ಲಕ್ಷ. ಕೊನೆಗೆ 3 ಲಕ್ಷ ಬರುತ್ತದೆ ಅಂದರೆ ಕಿವಿಗೆ ಇಂಪಾಗಿರುತ್ತದೆ. ಬಡ್ಡಿಗೆ ತಿರುಗಿಸಿದರೆ ಅದು ವರ್ಷಕ್ಕೆ 4% ಕೂಡ ಮುಟ್ಟುವುದಿಲ್ಲ. ಮಧ್ಯದಲ್ಲಿ ಕಂತು ನಿಲ್ಲಿಸಿದರೆ ಎಷ್ಟು ಕೈಗೆ ಬರುತ್ತದೆ ಅಂತಲೂ ಕೇಳಿ. ಮೊದಲ ಕೆಲವು ವರ್ಷಗಳಲ್ಲಿ ಬಿಟ್ಟರೆ ಕಟ್ಟಿದ್ದರಲ್ಲಿ ದೊಡ್ಡ ಭಾಗವೇ ಹೋಗಬಹುದು. ಉಳಿತಾಯ ಬೇಡ ಅನ್ನುತ್ತಿಲ್ಲ. ಅದನ್ನು ಬೇರೆಯಾಗಿ ಮಾಡಿ ಅನ್ನುತ್ತಿದ್ದೇನೆ.

ಆರೋಗ್ಯ ವಿಮೆಗೆ ಒಂದು ಉಪಾಯ ಹೇಳುತ್ತೇನೆ. ನಾಳೆಯೇ ಆಸ್ಪತ್ರೆಗೆ ಸೇರುತ್ತೀರಿ ಅಂದುಕೊಂಡು ಪಾಲಿಸಿ ಓದಿ. ಏನು ಸಿಗುತ್ತದೆ ಅನ್ನುವ ಪುಟ ಎಲ್ಲರೂ ತೋರಿಸುತ್ತಾರೆ, ನೀವು ಏನು ಸಿಗುವುದಿಲ್ಲ ಅನ್ನುವ ಪುಟದಿಂದ ಶುರು ಮಾಡಿ. ಮೊದಲೇ ಇರುವ ಕಾಯಿಲೆಗೆ ವಿಮೆಯ ಹಣ ಸಿಗಲು ಎಷ್ಟು ಕಾಯಬೇಕು? ರೂಮಿಗೆ, ಒಂದೊಂದು ಚಿಕಿತ್ಸೆಗೆ ಬೇರೆ ಮಿತಿ ಇದೆಯಾ? ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟು? 20% ಅಂತಿದ್ದರೆ ದೊಡ್ಡ ಆಪರೇಷನ್‌ನಲ್ಲಿ ಆ ಪಾಲೇ ಹೊರೆಯಾಗುತ್ತದೆ. ಆಫೀಸಿನವರು ಮಾಡಿಸಿದ ವಿಮೆ ಇದೆ ಅಂತ ಸುಮ್ಮನಿರಬೇಡಿ. ಕೆಲಸ ಬಿಟ್ಟರೆ ಸಾಮಾನ್ಯವಾಗಿ ಅದೂ ಹೋಗುತ್ತದೆ.

ಮನೆಗೆ ವಿಮೆ ಮಾಡಿಸುವುದಾದರೆ ಮೊತ್ತ ಕಡಿಮೆ ತೋರಿಸಬೇಡಿ. ಪಾಲಿಸಿಯಲ್ಲಿ ಸರಾಸರಿ ಷರತ್ತು ಅಂತ ಒಂದು ಇರಬಹುದು. 100 ಬೆಲೆಯ ಮನೆಗೆ 50ಕ್ಕೆ ವಿಮೆ ಮಾಡಿಸಿ, 40ರಷ್ಟು ಹಾನಿ ಆದರೆ 40 ಕೊಡುವುದಿಲ್ಲ, ಅರ್ಧ ವಿಮೆಗೆ ಅರ್ಧ ಪರಿಹಾರ ಅಂತ 20 ಕೊಡುತ್ತಾರೆ. ಇದು ಬಹಳ ಜನಕ್ಕೆ ಗೊತ್ತಾಗುವುದು ಬೆಂಕಿ ಬಿದ್ದ ಮೇಲೆ.

ಪಾಲಿಸಿ ಕೈಗೆ ಬಂದ ಮೇಲೆ ಒಂದು ದಿನ ಕೂತು ಓದಿ. ಹೊಸ ಪಾಲಿಸಿ ಇಷ್ಟವಾಗದಿದ್ದರೆ ಕೆಲವು ದಿನಗಳೊಳಗೆ ವಾಪಸ್ ಮಾಡುವ ಅವಕಾಶ ಅನೇಕ ದೇಶಗಳಲ್ಲಿದೆ. ಆ ಗಡುವನ್ನು ಬರೆದಿಟ್ಟುಕೊಳ್ಳಿ. ನಾಮಿನಿ ಹೆಸರು ಸರಿಯಾಗಿದೆಯಾ ನೋಡಿ. ಪಾಲಿಸಿ ಎಲ್ಲಿದೆ, ಕ್ಲೇಮ್‌ಗೆ ಯಾರಿಗೆ ಫೋನ್ ಮಾಡಬೇಕು ಅಂತ ಮನೆಯವರಿಗೆ ತೋರಿಸಿ, ಯಾಕೆಂದರೆ ಜೀವ ವಿಮೆಯ ಕ್ಲೇಮ್ ಹಾಕುವವರು ನೀವಲ್ಲ, ಅವರು.

ಏಜೆಂಟ್ ಮತ್ತೆ ಬಂದಾಗ ಜಗಳ ಬೇಡ. ಫಾರ್ಮ್ ಮತ್ತು ಷರತ್ತುಗಳ ಪೂರ್ತಿ ಪ್ರತಿ ಕೊಟ್ಟು ಹೋಗಿ, ಓದಿ ನಾನೇ ತುಂಬಿ ಕೊಡುತ್ತೇನೆ ಅಂತ ಹೇಳಿ. ಒಳ್ಳೆಯ ಏಜೆಂಟ್ ಆದರೆ ಒಂದು ವಾರ ಕಾಯುತ್ತಾರೆ. ಓದುವಾಗ ಯಾವುದಾದರೂ ಷರತ್ತು ಅರ್ಥವಾಗದಿದ್ದರೆ ಆ ಸಾಲನ್ನು ಇಲ್ಲಿ ಹಾಗೇ ಬರೆದು ಕಳಿಸಿ, ಒಟ್ಟಿಗೆ ನೋಡೋಣ.