ಮಂಚದ ಕೆಳಗಿನ ಬಂಡಲ್‌ಗಳು

ಆಪ್ತ ಸಮಾಲೋಚಕಿಯಾದ ನನ್ನ ಹತ್ತಿರ ಬಂದವರೊಬ್ಬರ ಕಥೆ ಇದು. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಮಲೆನಾಡಿನ ಪ್ರೈಮರಿ ಶಾಲೆ ಟೀಚರ್, ವಯಸ್ಸು 46. ನಿದ್ದೆ ಬರಲ್ಲ ಅಂತ ಬಂದವರು. ಮಾತು ಶುರು ಮಾಡುವ ಮೊದಲೇ ಬ್ಯಾಗಿನಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟರು. ಅವರ ಮೊದಲ ಕಾದಂಬರಿ. ಪ್ರಕಾಶಕರಿಗೆ ಕಳಿಸಿ, ಒಂದೂವರೆ ವರ್ಷ ಕಾದು, ಕೊನೆಗೆ ತಾವೇ ಅಚ್ಚು ಹಾಕಿಸಿದ್ದರು. 500 ಪ್ರತಿ, 85 ಸಾವಿರ ಖರ್ಚು. ಅದಕ್ಕೆ ಬಳೆ ಅಡ ಇಟ್ಟಿದ್ದು ಗಂಡನಿಗೆ ಗೊತ್ತಿರಲಿಲ್ಲ. ಐಎಸ್‌ಬಿಎನ್, ಅಂದ್ರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಕೊಡಿಸ್ತೀನಿ ಅಂತ ಯಾರೋ 4 ಸಾವಿರ ಬೇರೆ ತಗೊಂಡಿದ್ದರು. ನಮ್ಮ ದೇಶದಲ್ಲಿ ಅದು ಉಚಿತ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಅರ್ಜಿ ಹಾಕಿದರೆ ಸಾಕು.

"ಪುಟ 112 ತೆಗೀರಿ ಮೇಡಂ" ಅಂದರು. 'ನುಡಿ' ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ಅಕ್ಷರ ವ್ಯವಸ್ಥೆಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪಿ, ನಾಯಕಿ ಪಾರ್ವತಿ ಅಲ್ಲೊಂದು ಕಡೆ 'ಪಾವರ್ತಿ' ಆಗಿದ್ದಳಂತೆ. ಕಪ್ಪು ಪೆನ್ನಿನಲ್ಲಿ ಎಷ್ಟು ನಾಜೂಕಾಗಿ ತಿದ್ದಿದ್ದರು ಅಂದ್ರೆ, ತೋರಿಸದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಮನೆಯವರು ಮಲಗಿದ ಮೇಲೆ ಮಂಚದ ಕೆಳಗಿನ ಬಂಡಲ್ ಎಳೆದು, ಒಂದೊಂದೇ ಪ್ರತಿ ತೆಗೆದು ತಿದ್ದಿ ಮತ್ತೆ ಕಟ್ಟಿಡುವುದು, ಆಮೇಲೆ ತಿದ್ದಿದ್ದು ಸರಿಯಾಗಿದೆಯಾ ಅಂತ ಕಟ್ಟಿದ್ದನ್ನೇ ಮತ್ತೆ ಬಿಚ್ಚುವುದು. ನಿದ್ದೆ ಎಲ್ಲಿಂದ ಬರಬೇಕು?

180 ಗೌರವ ಪ್ರತಿ ಹಂಚಿದ್ದರು. "ಚೆನ್ನಾಗಿದೆ ಅನ್ನೋದು ಬೇಡ ಮೇಡಂ, ಓದಿದೆ ಅಂದ್ರೆ ಸಾಕಿತ್ತು." ಸ್ಟಾಫ್ ರೂಮಿನಲ್ಲಿ ಒಬ್ಬರ ಪ್ರತಿಯ ಮೇಲೆ ಚಹಾ ಲೋಟದ ಗುರುತು ನೋಡಿದ ದಿನ ಊಟ ಸೇರಲಿಲ್ಲವಂತೆ. ನನ್ನ ಕಪಾಟಿನಲ್ಲೂ ಇಂಥ ಆರೇಳು ಗೌರವ ಪ್ರತಿಗಳಿವೆ, ಒಂದನ್ನೂ ಓದಿಲ್ಲ. ಅದನ್ನು ಅವರಿಗೆ ಹೇಳಿಬಿಟ್ಟೆ. ಮೊದಲ ಸಲ ನಕ್ಕರು.

ತಪ್ಪು ಇವರನ್ನು ಕಾಡುತ್ತಿರಲಿಲ್ಲ ಅನ್ನೋದು ನನಗೆ ಅಲ್ಲೇ ಗೊತ್ತಾಯಿತು. ಯಾರೂ ಏನೂ ಹೇಳದಿದ್ದಾಗ, ಅದಕ್ಕೊಂದು ಕಾರಣ ಬೇಕಿತ್ತು. ಆ ಕಾರಣ ಪುಟ 112ರಲ್ಲಿ ಸಿಕ್ಕಿತ್ತು, ಅಷ್ಟೇ.

ಮೊದಲು ಬಳೆ ವಿಷಯ ಗಂಡನಿಗೆ ಹೇಳಿ, ಲೆಕ್ಕದ ಸಮೇತ ಹೇಳಿ ಅಂದೆ. ಬಂಡಲ್‌ಗಳು ಮಲಗುವ ಕೋಣೆಯಿಂದ ಆಚೆ ಹೋಗಲಿ. ಬಿಚ್ಚದೆ ಉಳಿದ ಮೂರು ಬಂಡಲ್‌ಗೆ ಪೆನ್ನು ಮುಟ್ಟಿಸಬಾರದು, ಪಾವರ್ತಿ ಪಾವರ್ತಿಯಾಗೇ ಹೋಗಲಿ. ಫ್ರೀ ಕೊಟ್ಟವರನ್ನು 'ಓದಿದ್ರಾ?' ಅಂತ ಕೇಳೋದು ಬೇಡ. ಇನ್ನು ಸುಮ್ನೆ ಹಂಚೋದೂ ಬೇಡ, ಕಮಿಷನ್ ಹೋದರೆ ಹೋಗಲಿ, ಅಂಗಡಿಗೆ ಕೊಡಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಆ ದುಡ್ಡು ನಂಬಿ ಬಳೆ ಬಿಡಿಸೋ ಲೆಕ್ಕ ಹಾಕಬೇಡಿ. ಮೂರು ವಾರದಲ್ಲೂ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರ ಹತ್ತಿರ ಕಳಿಸ್ತೀನಿ ಅಂತಲೂ ಹೇಳಿದೆ.

ಗಂಡ ಎರಡು ದಿನ ಮಾತು ಬಿಟ್ಟರಂತೆ. ಸಾಲಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ಮೂರನೇ ದಿನ ತಾವೇ ಬಂಡಲ್‌ಗಳನ್ನು ಅಟ್ಟಕ್ಕೆ ಹೊತ್ತು, ಮಳೆಗಾಲ ಅಂತ ಕೆಳಗೆ ಪ್ಲಾಸ್ಟಿಕ್ ಹಾಸಿದರು. ತಿದ್ದದ ಪ್ರತಿಗಳಲ್ಲಿ 25 ಅಂಗಡಿಗೆ ಹೋಗಿವೆ. ಈಗ ರಾತ್ರಿ ಐದು ಗಂಟೆ ನಿದ್ದೆ ಬರುತ್ತಿದೆ. ಪುಟ 112 ಇನ್ನೂ ನೆನಪಾಗುತ್ತದಂತೆ. ಅಟ್ಟ ಹತ್ತಲು ಏಣಿ ಬೇಕಲ್ವಾ, ಅದಕ್ಕೇ ಮಲಗಿಬಿಡ್ತೀನಿ ಅಂದರು.