ಮುರಾನೊದ ಗಾಜಿನ ಕಾರ್ಖಾನೆಯಲ್ಲಿ ಮಾಯೆಸ್ತ್ರೊ, ಅಂದರೆ ಮುಖ್ಯ ಗಾಜುಗಾರ, ಆಗಲು ಅಷ್ಟು ವರ್ಷ ಏಕೆ ಬೇಕು?

ಶಾಖದ ಅಂದಾಜು ಕೈಗೆ ಹತ್ತಲು ಬಹಳ ಕಾಲ ಬೇಕು, ಅದಕ್ಕೆ. ವೆನಿಸ್ ಪಕ್ಕದ ಈ ದ್ವೀಪದಲ್ಲಿ ಹುಡುಗ ಮೊದಲು ಗಾರ್ಜೋನೆ, ಅಂದರೆ ಕೈಯಾಳು. ಆಮೇಲೆ ಮೇಸ್ತ್ರಿಗೆ ಗಾಜು ಸಜ್ಜುಮಾಡಿ ಕೊಡುವ ಸೆರ್ವೆಂತೆ. ಕೊನೆಗೆ ಮಾಯೆಸ್ತ್ರೊ; ನಮ್ಮ 'ಮೇಸ್ತ್ರಿ'ಗೂ ಇದಕ್ಕೂ ಬೇರು ಒಂದೇ. 1934ರಲ್ಲಿ ಹುಟ್ಟಿದ ಹೆಸರಾಂತ ಮಾಯೆಸ್ತ್ರೊ ಲೀನೊ ತಾಲ್ಯಾಪಿಯೆತ್ರಾ ಕುಲುಮೆಗೆ ಸೇರಿದ್ದು 11ನೇ ವಯಸ್ಸಿನಲ್ಲಿ.

ಸುಮಾರು 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಜು ಜೇನಿನಂತೆ ಇಳಿಯುತ್ತದೆ. ಹೂಜಿ ಮಾಡುವಾಗ ಊದುಕೊಳವೆ ತಿರುಗಿಸುವುದು ಕ್ಷಣ ನಿಂತರೂ ಗಾಜು ಒಂದು ಕಡೆ ಜೋತು ಹೂಜಿಯ ಗೋಡೆ ದಪ್ಪ-ತೆಳುವಾಗುತ್ತದೆ. ಹಿಡಿ ಅಂಟಿಸುವಾಗ ಹೂಜಿ ಆರಿದ್ದರೆ ಬೆಸುಗೆಯಲ್ಲೇ ಬಿರುಕು. ಎಲ್ಲ ಸರಿಯಾದರೂ, ಸುಮಾರು 500 ಡಿಗ್ರಿಯ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಆರಿಸಲೇಬೇಕು. ಇಲ್ಲದಿದ್ದರೆ ಹೊರಮೈ ಮೊದಲು ಗಟ್ಟಿಯಾಗಿ, ಒಳಗೆ ಸೆಳೆತ ಉಳಿದು, ಯಾರೂ ಮುಟ್ಟದೆಯೂ ಸೀಳಬಹುದು.